ಕಣ್ಣು ನಾಲ್ಕು, ಕಂಡಿದ್ದು ಸೊನ್ನೆ!

ಅಂಗಡಿ, ಮನೆಗಳ ಕ್ಯಾಮರಾ ಕಾವಲು: ಲೆಕ್ಕ ತಪ್ಪುತ್ತಿರುವುದೆಲ್ಲಿ?

ಶಿವಮೊಗ್ಗ: ಗಾಂಧಿ ಬಜಾರಾಗಲಿ, ದುರ್ಗಿಗುಡಿಯಾಗಲಿ, ನೆಹರೂ ರಸ್ತೆಯಾಗಲಿ, ಷಟರು ಮೀಟಿದ ಮರುದಿನ ಬೆಳಿಗ್ಗೆ ನಡೆಯುವ ಮಾತುಕತೆ ಒಂದೇ ಥರ. ಠಾಣೆಯಿಂದ ಬಂದವರು ಗಲ್ಲಾದಲ್ಲಿ ಎಷ್ಟಿತ್ತು ಎಂದು ಕೇಳುವ ಮೊದಲೇ ತಲೆಯೆತ್ತಿ ಗೋಡೆ ನೋಡುತ್ತಾರೆ.

"ಕ್ಯಾಮರಾ ಇದೆಯೇನ್ರೀ?"

"ಇದೆ ಸಾರ್. ನಾಲ್ಕಿದೆ."

"ಹಾಕಿ, ನೋಡೋಣ."

ಮಾಲೀಕರಿಗೆ ಅದು ಬರುವುದಿಲ್ಲ. ಅಂಗಡಿಯ ಹುಡುಗನನ್ನು ಕೂಗುತ್ತಾರೆ. ಹುಡುಗ ಮೌಸು ಹಿಡಿದು ಅತ್ತಿತ್ತ ಒತ್ತುತ್ತಾನೆ. ಪರದೆಯ ಮೇಲೆ ನಾಲ್ಕು ಚೌಕ ಚೆನ್ನಾಗಿಯೇ ಇವೆ. ಒಂದರಲ್ಲಿ ಈಗ ನಿಂತಿರುವ ಪೋಲೀಸಿನವರು ಕಾಣುತ್ತಾರೆ. ಇನ್ನೊಂದರಲ್ಲಿ ತಲೆಯ ಮೇಲೆ ಕೈಹೊತ್ತ ಮಾಲೀಕರು ಕಾಣುತ್ತಾರೆ. ನಿನ್ನೆ ರಾತ್ರಿ ಎರಡು ಗಂಟೆ ಮಾತ್ರ ಕಾಣುವುದಿಲ್ಲ. ತಾರೀಖು ಹಿಂದೆ ಹಿಂದೆ ಸರಿಸುತ್ತಾ ಹೋದರೆ ಕೊನೆಗೆ ಸಿಕ್ಕುವುದು ದೀಪಾವಳಿಯ ಲಕ್ಷ್ಮೀಪೂಜೆ! ಅಲ್ಲಿಂದೀಚೆಗೆ ಡಬ್ಬಿಯೊಳಗಿನ ಡಿಸ್ಕು ಸತ್ತು ಮಲಗಿದೆ. ಕ್ಯಾಮರಾ ನೋಡುತ್ತಿತ್ತು, ಆದರೆ ನೋಡಿದ್ದನ್ನು ಬರೆದಿಟ್ಟುಕೊಳ್ಳುವವರು ಯಾರೂ ಇರಲಿಲ್ಲ.

"ಹಾಗಾದ್ರೆ ಇದು ಯಾಕ್ರೀ ಇಟ್ಕೊಂಡಿದ್ದು?" ಎಂದು ಕೇಳಿದರೆ ಮಾಲೀಕರ ಹತ್ತಿರ ಉತ್ತರವಿಲ್ಲ.

ಕುಂಬಳಕಾಯಿಯೂ ಕ್ಯಾಮರಾವೂ

ಉತ್ತರ ಇಲ್ಲದೆ ಏನಿಲ್ಲ. ಅಂಗಡಿಯ ಬಾಗಿಲಿಗೆ ಬೂದುಗುಂಬಳಕಾಯಿ ಯಾಕೆ ಕಟ್ಟುತ್ತಾರೋ ಬಹಳ ಜನ ಕ್ಯಾಮರಾ ಹಾಕಿಸುವುದೂ ಅದಕ್ಕೇ. ಕೆಟ್ಟ ದೃಷ್ಟಿ ತಾಗಬಾರದು, ಕಳ್ಳ ಹೆದರಬೇಕು, ಅಷ್ಟೇ. ಹೆದರಿಕೆಯೂ ಒಂದು ಕಾವಲೇ, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಕುಂಬಳಕಾಯಿಯನ್ನಾದರೂ ಅಮಾವಾಸ್ಯೆ ಬಂದಾಗ ನೆನಪು ಮಾಡಿಕೊಂಡು ಒಡೆದು ಹೊಸದು ಕಟ್ಟುತ್ತಾರೆ. ಕ್ಯಾಮರಾಕ್ಕೆ ಆ ಭಾಗ್ಯವೂ ಇಲ್ಲ. ಹಾಕಿಸಿದ ದಿನ ಫೋನಿನಲ್ಲಿ ನೋಡಿ ಖುಷಿಪಟ್ಟವರು ಮತ್ತೆ ಅದರ ಮುಖ ನೋಡುವುದು ಕಳುವಾದ ದಿನವೇ.

ಹೆದರದ ಕಳ್ಳನೂ ಇರುತ್ತಾನೆ. ಅವನು ಬಂದು ಹೋದ ಮರುದಿನಕ್ಕಾಗಿಯೇ ಕ್ಯಾಮರಾ ಇರುವುದು. ಆ ಒಂದು ದಿನ ಅದು ಬಾಯಿ ಬಿಡದಿದ್ದರೆ ಉಳಿದ ಮುನ್ನೂರ ಅರವತ್ನಾಲ್ಕು ದಿನ ಉರಿಸಿದ ಕರೆಂಟು ದಂಡ. ಆದ್ದರಿಂದ ಹಾಕಿಸುವಾಗಲೂ, ಕೆಟ್ಟಾಗಲೂ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ನಾಳೆ ಬೆಳಿಗ್ಗೆ ಯಾರಾದರೂ "ಹಾಕಿ, ನೋಡೋಣ" ಅಂದರೆ ಏನು ಕಾಣುತ್ತದೆ?

ಮುಖ ಬೇಕೋ, ನೆತ್ತಿ ಬೇಕೋ?

ಮೊದಲ ತಪ್ಪು ಏಣಿಯ ಮೇಲೆಯೇ ನಡೆಯುತ್ತದೆ. "ಕೈಗೆ ಸಿಗಬಾರದು, ಮೇಲಕ್ಕೆ ಹಾಕಪ್ಪ" ಎನ್ನುತ್ತಾರೆ ಮಾಲೀಕರು. ಹಾಕುವ ಹುಡುಗ ಹದಿನೈದು ಅಡಿ ಎತ್ತರದಲ್ಲಿ, ಬೋರ್ಡಿನ ಮೇಲೆ ಜಡಿದು ಇಳಿಯುತ್ತಾನೆ. ಅಲ್ಲಿಂದ ಕಾಣುವುದೇನು? ನೆತ್ತಿ, ಟೋಪಿ, ಹೆಲ್ಮೆಟ್ಟು. ಇಡೀ ರಸ್ತೆ ಕಾಣುತ್ತದೆ, ಒಬ್ಬನ ಮೂಗೂ ಕಾಣುವುದಿಲ್ಲ. ಮುಖ ಬೇಕಾದರೆ ಎಂಟರಿಂದ ಹತ್ತು ಅಡಿ ಎತ್ತರ ಸಾಕು. ಕೈಗೆ ಸಿಗುವ ಭಯವಿದ್ದರೆ ಅದನ್ನೇ ನೋಡುವ ಹಾಗೆ ಇನ್ನೊಂದನ್ನು ಎದುರು ಮೂಲೆಗೆ ಹಾಕಬಹುದು. ಒಂದನ್ನು ತಿರುಗಿಸಲು ಬಂದವನನ್ನು ಮತ್ತೊಂದು ಹಿಡಿಯುತ್ತದೆ.

ಎರಡನೆಯದು ಅಗಲದ ಆಸೆ. ಪೆಟ್ಟಿಗೆಯ ಮೇಲೆ 2.8 ಎಂಎಂ, 3.6 ಎಂಎಂ, 6 ಎಂಎಂ ಎಂದು ಬರೆದಿರುತ್ತದೆ. ಅಂಕಿ ಚಿಕ್ಕದಾದಷ್ಟೂ ನೋಟ ಅಗಲ, ಮುಖ ಚಿಕ್ಕದು. ಇದಕ್ಕೂ ಒಂದು ಲೆಕ್ಕವಿದೆ. 2 ಮೆಗಾಪಿಕ್ಸೆಲ್ ಕ್ಯಾಮರಾದ ಚಿತ್ರ ಅಗಲಕ್ಕೆ 1920 ಚುಕ್ಕೆಗಳದು. ಪರಿಚಯವಿಲ್ಲದವನನ್ನು ಇವನೇ ಎಂದು ಗುರುತಿಸಲು ಒಂದು ಮೀಟರಿಗೆ 250 ಚುಕ್ಕೆ ಬೇಕೆಂಬುದು ಅಂತರರಾಷ್ಟ್ರೀಯ ಮಾನದಂಡ. ಭಾಗಿಸಿದರೆ ಏಳೂ ಮುಕ್ಕಾಲು ಮೀಟರು, ಅಂದರೆ ಸುಮಾರು 25 ಅಡಿ ಅಗಲದ ನೋಟದವರೆಗೆ ಮುಖ ನಂಬಬಹುದು. 2.8ರ ಕಣ್ಣಿಗೆ ಹತ್ತು ಹನ್ನೊಂದು ಅಡಿ ದೂರದಲ್ಲೇ ಆ ಅಗಲ ಬಂದುಬಿಡುತ್ತದೆ. ಆಚೆಗೆ ನಿಂತವನು ಪೋಲೀಸರಿಗೆ "ಯಾರೋ ಒಬ್ಬ", ಅಷ್ಟೇ! ಅದೇ 6ರ ಕಣ್ಣಾದರೆ ಇಪ್ಪತ್ತೈದು ಅಡಿಯ ಆಸುಪಾಸಿನವರೆಗೆ ಹಿಡಿಯುತ್ತದೆ, ಆದರೆ ಅಕ್ಕಪಕ್ಕ ಬಿಟ್ಟುಬಿಡುತ್ತದೆ.

ಹಾಗಾಗಿ ಬಲ್ಲವರು ಹೇಳುವುದು ಇಷ್ಟು. ಅಗಲದ ಕಣ್ಣು ಅಂಗಡಿಯೊಳಗೆ, ಗಲ್ಲಾದ ಮೇಲೆ ಇರಲಿ. ಬಾಗಿಲಿಗೆ, ಗೇಟಿಗೆ, ಬೈಕು ನಿಲ್ಲಿಸುವ ಜಾಗಕ್ಕೆ ದೂರದ ಕಣ್ಣು ಇರಲಿ. ನಾಲ್ಕೂ ಒಂದೇ ಥರ ಹಾಕಿಸುವುದು ಮನೆಯ ನಾಲ್ಕು ಜನಕ್ಕೂ ಒಂದೇ ಅಳತೆಯ ಚಪ್ಪಲಿ ತಂದ ಹಾಗೆ.

ಮೂರನೆಯದು ಬಿಸಿಲು. ಒಳಗಿನಿಂದ ರಸ್ತೆಯ ಕಡೆ ಮುಖ ಮಾಡಿದ ಕ್ಯಾಮರಾಕ್ಕೆ ಹಗಲು ಬಾಗಿಲು ಬೆಳ್ಳಗೆ ಉರಿಯುತ್ತದೆ, ಒಳಗೆ ಬಂದವನು ಕಪ್ಪು ನೆರಳಾಗುತ್ತಾನೆ. ಡಬ್ಲ್ಯುಡಿಆರ್ ಎಂಬ ಸೌಲಭ್ಯವಿರುವ ಕ್ಯಾಮರಾದಲ್ಲಿ ಅದನ್ನು ಚಾಲೂ ಮಾಡಿದರೆ ಬಹಳಷ್ಟು ಸರಿಹೋಗುತ್ತದೆ. ಇಲ್ಲದಿದ್ದರೆ ಬಾಗಿಲಿನ ಪಕ್ಕದ ಗೋಡೆಗೆ ಸರಿಸಿ ಓರೆಯಾಗಿ ನೋಡಿಸುವುದೇ ದಾರಿ.

ತಂತಿಯೋ, ಗಾಳಿಯೋ?

ಪೇಟೆಯಲ್ಲಿ ಸಿಗುವುದು ಮುಖ್ಯವಾಗಿ ಮೂರು ಬಗೆ. ಒಂದು, ಹಳೆಯ ಪದ್ಧತಿಯದು: ದಪ್ಪ ಕೇಬಲ್ಲು, ತಿರುಗಿಸಿ ಕೂರಿಸುವ ಬಿಎನ್‌ಸಿ ಪಿನ್ನು, ಡಿವಿಆರ್ ಡಬ್ಬಿ. ಎರಡು, ಕಂಪ್ಯೂಟರ್ ತಂತಿಯದು: ಒಂದೇ ತಂತಿಯಲ್ಲಿ ಚಿತ್ರವೂ ಕರೆಂಟೂ ಹರಿಯುತ್ತದೆ, ಡಬ್ಬಿಗೆ ಎನ್‌ವಿಆರ್ ಎಂದು ಹೆಸರು, ತಂತಿ ನೂರು ಮೀಟರ್ ದಾಟಬಾರದು. ಮೂರು, ವೈಫೈ ಕ್ಯಾಮರಾ: ಪ್ಲಗ್ಗಿಗೆ ಸಿಕ್ಕಿಸಿ ಒಳಗೆ ಮೆಮೊರಿ ಕಾರ್ಡು ಹಾಕಿದರೆ ಆಯಿತು.

ಬಾಡಿಗೆ ಮನೆಯವರಿಗೆ, ಗೋಡೆ ಕೊರೆಯಲು ಮನಸ್ಸಿಲ್ಲದವರಿಗೆ ಮೂರನೆಯದು ಅನುಕೂಲ. ಆದರೆ ವೈಫೈ ಗಾಳಿಯಲ್ಲಿ ಬರುವ ಸರಕು. ನಡುವೆ ಎರಡು ಗೋಡೆ ಬಂದರೆ ಸೊರಗುತ್ತದೆ. ಮೆಮೊರಿ ಕಾರ್ಡೂ ಹಗಲುರಾತ್ರಿ ಬರೆದು ಅಳಿಸಿ ಸವೆಯುತ್ತದೆ. ಕ್ಯಾಮರಾಕ್ಕೆಂದೇ ಬರುವ ಬಾಳಿಕೆಯ ಕಾರ್ಡು ಹಾಕಬೇಕೇ ಹೊರತು ಹಳೇ ಫೋನಿನದಲ್ಲ. ಇನ್ನೂ ಒಂದು ಮಾತು: ಕಳ್ಳ ಕ್ಯಾಮರಾವನ್ನೇ ಕಿತ್ತುಕೊಂಡು ಹೋದರೆ ಕಾರ್ಡೂ ಅವನ ಜೇಬಿಗೆ! ಅಂಗಡಿಗೆ, ಸ್ವಂತ ಮನೆಗೆ ತಂತಿಯದೇ ಭದ್ರ.

ತಂತಿ ಕೊಳ್ಳುವಾಗ ಬ್ಲೇಡಿನಿಂದ ತುದಿ ಕೆರೆದು ನೋಡುವುದು ಒಳ್ಳೆಯದು. ಒಳಗೂ ಕೆಂಪಗಿದ್ದರೆ ತಾಮ್ರ. ಕೆರೆದ ಕೂಡಲೇ ಬೆಳ್ಳಗೆ ಹೊಳೆದರೆ ಅದು ತಾಮ್ರ ಲೇಪಿಸಿದ ಅಲ್ಯೂಮಿನಿಯಂ. ಮೀಟರಿಗೆ ಕೆಲವು ರೂಪಾಯಿ ಉಳಿಯುತ್ತದೆ ನಿಜ. ಆ ಉಳಿತಾಯದ ಬಡ್ಡಿ ರಾತ್ರಿಯ ಹೊತ್ತು ಕಟ್ಟಬೇಕಾಗುತ್ತದೆ. ಹೇಗೆ ಎನ್ನುವುದು ಮುಂದೆ ಬರುತ್ತದೆ.

ಡಿಸ್ಕಿನ ತ್ರೈರಾಶಿ

"ಒಂದು ಟಿಬಿ ಹಾಕಿದೀನಿ ಸಾರ್, ತಿಂಗಳು ಬರುತ್ತೆ" ಎಂಬ ಮಾತು ಬಹಳ ಕಡೆ ಕೇಳಿಸುತ್ತದೆ. ಬರುತ್ತದೆಯೇ? ಅಂಗಡಿಯವರಿಗೆ ಲೆಕ್ಕ ಹೇಳಿಕೊಡಬೇಕಿಲ್ಲ. 2 ಮೆಗಾಪಿಕ್ಸೆಲ್ ಕ್ಯಾಮರಾ ಸೆಕೆಂಡಿಗೆ 2 ಮೆಗಾಬಿಟ್‌ನಂತೆ ಬರೆದರೆ ದಿನಕ್ಕೆ ಸುಮಾರು 21.6 ಗಿಗಾಬೈಟು. ನಾಲ್ಕು ಕ್ಯಾಮರಾಕ್ಕೆ 86. ಒಂದು ಟೆರಾಬೈಟಿನ ಡಿಸ್ಕು ಸುಮಾರು ಹನ್ನೊಂದೂವರೆ ದಿನಕ್ಕೆ ತುಂಬುತ್ತದೆ. ಆಮೇಲೆ ಡಬ್ಬಿ ಹಳೆಯದನ್ನು ಅಳಿಸಿ ಅದರ ಮೇಲೆ ಬರೆಯುತ್ತಾ ಹೋಗುತ್ತದೆ. ಹದಿನೈದು ದಿನ ಬಿಟ್ಟು ಸ್ಟಾಕು ಎಣಿಸಿದಾಗ ಮಾಲು ಕಡಿಮೆ ಕಂಡರೆ ಹುಡುಕುವುದೆಲ್ಲಿ? ಮೂವತ್ತು ದಿನ ಬೇಕಾದರೆ 2,600 ಗಿಗಾಬೈಟು ಬೇಕು. ಅಂದರೆ 4 ಟೆರಾಬೈಟಿನ ಡಿಸ್ಕು. ಎಚ್.265 ಎಂಬ ಹೊಸ ಕ್ರಮದಲ್ಲಿ ಬರೆಯುವ ಡಬ್ಬಿಯಾದರೆ ಹೆಚ್ಚುಕಡಿಮೆ ಅರ್ಧ ಜಾಗದಲ್ಲಿ ಮುಗಿಯುತ್ತದೆ.

ಡಿಸ್ಕೂ ಎಂಥದ್ದೆಂದು ಕೇಳಬೇಕು. ಹಳೆಯ ಕಂಪ್ಯೂಟರಿನಿಂದ ಬಿಚ್ಚಿದ್ದನ್ನು ತಂದು ಕೂರಿಸುವವರಿದ್ದಾರೆ. ಅದು ಹಗಲು ದುಡಿದು ರಾತ್ರಿ ಮಲಗುವ ಸರಕು. ಕ್ಯಾಮರಾದ ಡಿಸ್ಕಿಗೆ ಮಲಗುವ ಹಕ್ಕಿಲ್ಲ, ಇಪ್ಪತ್ನಾಲ್ಕು ಗಂಟೆಯೂ ಬರೆಯುತ್ತಲೇ ಇರಬೇಕು. ಅದಕ್ಕೆಂದೇ ಬೇರೆ ಜಾತಿಯ ಡಿಸ್ಕು ಸಿಗುತ್ತದೆ. ಅದನ್ನೂ ಮೂರ್ನಾಲ್ಕು ವರ್ಷದ ಮೇಲೆ ಕಣ್ಣುಮುಚ್ಚಿ ನಂಬುವಂತಿಲ್ಲ. ಡಬ್ಬಿಯಿಂದ ಟಿಕ್ ಟಿಕ್ ಸದ್ದು ಬಂದರೆ, ಡಬ್ಬಿ ಪೀಂ ಪೀಂ ಎಂದು ಕೂಗಿದರೆ, ಆ ಕೂಗು ನಿಲ್ಲಿಸುವ ಗುಂಡಿ ಹುಡುಕುವ ಬದಲು ಡಿಸ್ಕು ನೋಡಬೇಕು. ಪಾಪ, ಅದು ಕೂಗಿ ಹೇಳುತ್ತಿರುವುದು ಅದನ್ನೇ.

ಡಬ್ಬಿ ಇಡುವ ಜಾಗವೂ ಮುಖ್ಯ. ಗಲ್ಲಾದ ಮೇಲೆ, ಟಿವಿಯ ಕೆಳಗೆ, ಎಲ್ಲರ ಕಣ್ಣಿಗೆ ಬೀಳುವ ಹಾಗೆ ಇಟ್ಟರೆ ತಿಳಿದ ಕಳ್ಳ ಮೊದಲು ಎತ್ತುವುದು ಅದನ್ನೇ. ಅಟ್ಟದ ಮೇಲೋ ಒಳಕೋಣೆಯಲ್ಲೋ ಬೀಗ ಹಾಕಿದ ಪೆಟ್ಟಿಗೆಯಲ್ಲಿ, ಆದರೆ ಗಾಳಿಯಾಡುವ ಹಾಗೆ ಇಡಬೇಕು. ಬೆಚ್ಚಗೆ ಬಟ್ಟೆ ಮುಚ್ಚಿಟ್ಟರೆ ಬಿಸಿಗೇ ಸಾಯುತ್ತದೆ.

ಹಗಲು ಇದೆ, ರಾತ್ರಿ ಇಲ್ಲ

ಇನ್ನು ರಿಪೇರಿಯ ಮಾತು. ಕ್ಯಾಮರಾ ಹಾಕುವವರಿಗೆ ಅತಿ ಹೆಚ್ಚು ಬರುವ ದೂರುಗಳಲ್ಲಿ ಇದೊಂದು: "ಹಗಲೆಲ್ಲ ಚೆನ್ನಾಗಿ ಬರುತ್ತೆ, ಕತ್ತಲಾದ್ರೆ ಹೋಗುತ್ತೆ." ಬಂದವರು ಕ್ಯಾಮರಾ ಹೋಗಿದೆ, ಬದಲಾಯಿಸಿ ಎನ್ನುತ್ತಾರೆ. ಬದಲಾಯಿಸಿದರೂ ಹೋಗುತ್ತದೆ!

ಕಾರಣ ಸರಳ. ಕತ್ತಲಾದ ಕೂಡಲೇ ಕ್ಯಾಮರಾದ ಸುತ್ತಲಿನ ಅತಿಗೆಂಪು ದೀಪಗಳು ಹತ್ತಿಕೊಳ್ಳುತ್ತವೆ. ಆಗ ಅದು ಹಗಲಿಗಿಂತ ಹೆಚ್ಚು ಕರೆಂಟು ಎಳೆಯುತ್ತದೆ. ಅಡಾಪ್ಟರು ಬಡಕಲಾಗಿದ್ದರೆ, ಇಲ್ಲವೇ ತಂತಿ ಉದ್ದವಾಗಿ ಸಣ್ಣದಾಗಿದ್ದರೆ 12 ವೋಲ್ಟು ಹೊರಟದ್ದು ಕ್ಯಾಮರಾ ತಲುಪುವಾಗ 10 ಆಗಿರುತ್ತದೆ. ಅರೆಹೊಟ್ಟೆಯ ಕ್ಯಾಮರಾ ಎದ್ದು ಬೀಳುತ್ತದೆ, ಮತ್ತೆ ಏಳುತ್ತದೆ. ಮೊದಲು ಹೇಳಿದ ಅಲ್ಯೂಮಿನಿಯಂ ತಂತಿಯ ಬಡ್ಡಿ ಇದೇ. ಪರೀಕ್ಷೆಯನ್ನು ರಾತ್ರಿಯೇ ಮಾಡಬೇಕು. ಮೀಟರನ್ನು ಅಡಾಪ್ಟರಿನ ಬಳಿ ಹಿಡಿದರೆ ಸಾಲದು, ಕ್ಯಾಮರಾದ ತುದಿಯಲ್ಲಿ, ದೀಪ ಹತ್ತಿದ ಮೇಲೆ ಹಿಡಿಯಬೇಕು. ಹಗಲು ಬಂದು ನೋಡಿ "ಎಲ್ಲಾ ಸರಿ ಇದೆ" ಎಂದು ಹೋದವರಿಗೆ ಕೊಟ್ಟ ಹಣ ನೀರಿಗೆ ಹಾಕಿದ ಹಾಗೆ.

ಮನೆಯವರೇ ಮಾಡಬಹುದಾದ ಇನ್ನೊಂದು ಪರೀಕ್ಷೆಯುಂಟು. ಒಂದು ಕ್ಯಾಮರಾ ಮಾತ್ರ ಹೋಗಿದ್ದರೆ ಡಬ್ಬಿಯ ಹಿಂದೆ ಅದರ ಪಿನ್ನನ್ನು ಚೆನ್ನಾಗಿರುವ ಇನ್ನೊಂದರ ಜಾಗಕ್ಕೆ ಅದಲುಬದಲು ಮಾಡಿ ನೋಡುವುದು. ದೋಷ ಪಿನ್ನಿನ ಜೊತೆ ಹೋದರೆ ತಪ್ಪು ಕ್ಯಾಮರಾದ್ದೋ ತಂತಿಯದೋ. ದೋಷ ಅಲ್ಲೇ ಉಳಿದರೆ ತಪ್ಪು ಡಬ್ಬಿಯದು. ನಾಲ್ಕೂ ಒಟ್ಟಿಗೇ ಹೋಗಿದ್ದರೆ ನಾಲ್ಕೂ ಕೆಟ್ಟಿವೆ ಎಂದು ನಂಬಬೇಕಾಗಿಲ್ಲ, ನಾಲ್ಕಕ್ಕೂ ಕರೆಂಟು ಕೊಡುವ ಒಂದೇ ಪೆಟ್ಟಿಗೆ ಹೋಗಿರುತ್ತದೆ. ಇಷ್ಟು ತಿಳಿದಿದ್ದರೆ ಬಂದವರು "ಎಲ್ಲಾ ಹೊಸದು ಹಾಕ್ಬೇಕು ಸಾರ್" ಅಂದಾಗ ಹೂಂ ಅನ್ನುವ ಗತಿ ಬರುವುದಿಲ್ಲ.

ಜೇಡನಿಗೂ ಬೇಕು ದೀಪ

ರಾತ್ರಿ ಪರದೆಯ ತುಂಬ ಬಿಳಿ ಮಂಜು, ಮಧ್ಯೆ ಹಗ್ಗದಂಥ ಏನೋ ಓಲಾಡುತ್ತದೆ. ವಯಸ್ಸಾದವರು ಗಾಬರಿಯಾಗಿ ಏನೇನೋ ಊಹಿಸಿಕೊಳ್ಳುವುದುಂಟು. ದೆವ್ವವಲ್ಲ, ಜೇಡ! ಕ್ಯಾಮರಾದ ಬೆಚ್ಚನೆಯ ಮುಖಕ್ಕೆ ಹುಳ ಬರುತ್ತವೆ, ಹುಳದ ಆಸೆಗೆ ಜೇಡ ಬಲೆ ಕಟ್ಟುತ್ತದೆ. ಬಲೆಯ ಎಳೆ ಕಣ್ಣಿಗೆ ಅಂಟಿದ ಹಾಗೇ ಇರುವುದರಿಂದ ದೀಪದ ಬೆಳಕೆಲ್ಲ ಅದರಿಂದಲೇ ವಾಪಸು ಬರುತ್ತದೆ. ಆಚೆ ನಡೆಯುವುದೇನೂ ಕಾಣುವುದಿಲ್ಲ. ಮದ್ದು: ಒಂದು ಮೆತ್ತನೆಯ ಬಟ್ಟೆ, ಒಂದು ಏಣಿ. ಪಕ್ಕದ ಬಿಳಿ ಗೋಡೆ, ಸೂರಿನ ಅಂಚು, ನೇತುಹಾಕಿದ ತೋರಣ ಕೂಡ ಇದೇ ಕೆಲಸ ಮಾಡುತ್ತವೆ. ಕ್ಯಾಮರಾದ ಮುಖವನ್ನು ಸ್ವಲ್ಪ ತಿರುಗಿಸಿದರೆ ಸಾಕು.

ಮಲೆನಾಡಿನ ಸೆರಗಿನಲ್ಲಿರುವ ಊರಿನಲ್ಲಿ ಮಳೆಯ ಮಾತು ಬಿಡುವ ಹಾಗಿಲ್ಲ. ಜೂನ್ ತಿಂಗಳಲ್ಲಿ ಚಿತ್ರ ನಡುಗತೊಡಗಿದರೆ, ಗೆರೆ ಬಂದರೆ, ಕ್ಯಾಮರಾದ ಹಿಂದಿನ ಜಾಯಿಂಟು ಬಿಚ್ಚಿ ನೋಡಬೇಕು. ಒಳಗೆ ಹಸಿರು ಕಿಲುಬು ಕಟ್ಟಿರುತ್ತದೆ. ಜಾಯಿಂಟುಗಳನ್ನು ಹೊರಗೆ ಟೇಪು ಸುತ್ತಿ ಬಿಡದೆ ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿಯೊಳಗೆ ಕೂರಿಸಬೇಕು. ತಂತಿ ಗೋಡೆಯೊಳಗೆ ಹೋಗುವ ಮುನ್ನ ಕೆಳಕ್ಕೆ ಒಂದು ಡೊಂಕು ಕೊಟ್ಟಿರಬೇಕು. ಆಗ ನೀರು ತಂತಿಯ ಗುಂಟ ಒಳಗೆ ಹೋಗದೆ ಡೊಂಕಿನಲ್ಲಿ ತೊಟ್ಟಿಕ್ಕುತ್ತದೆ.

ಏಪ್ರಿಲ್, ಮೇ ತಿಂಗಳ ಸಿಡಿಲು ಇನ್ನೊಂದು ಕಾಟ. ಹೊರಗೆ ಎಳೆದ ಉದ್ದ ತಂತಿ ಸಿಡಿಲಿಗೆ ಕರೆದು ದಾರಿ ತೋರಿಸಿದ ಹಾಗೆ. ಒಳ್ಳೆಯ ಅರ್ಥಿಂಗು, ತಂತಿಗೆ ಸರ್ಜ್ ತಡೆಯುವ ಬಿಲ್ಲೆ ಇದ್ದರೆ ಡಬ್ಬಿ ಉಳಿಯುವ ಸಂಭವ ಹೆಚ್ಚು. ಗುಡುಗು ಮೇಲೆ ಬಂದಾಗ ಪಿನ್ನು ಕಿತ್ತಿಟ್ಟರೆ ಡಬ್ಬಿಯೇನೋ ಉಳಿಯುತ್ತದೆ, ಮತ್ತೆ ಹಾಕಲು ಮರೆತರೆ ಮಾತ್ರ ಕತೆ ಮುಗಿಯಿತು. ಬಹಳ ಕಡೆ "ಕೆಟ್ಟ" ಕ್ಯಾಮರಾದ ನಿಜಸಂಗತಿ ಇದೇ.

ಯುಪಿಎಸ್ಸು ಬೇಕೇ? ಬೇಕು. ಮನೆ ನುಗ್ಗುವವನು ಹೊರಗಿನ ಮೀಟರು ಬೋರ್ಡಿನ ಫ್ಯೂಸು ಕಿತ್ತರೆ ದೀಪವೂ ಹೋಗುತ್ತದೆ, ಕಣ್ಣೂ ಹೋಗುತ್ತದೆ. ಡಬ್ಬಿ, ಕ್ಯಾಮರಾ, ಇಂಟರ್‌ನೆಟ್ಟಿನ ರೌಟರು, ಮೂರಕ್ಕೂ ಯುಪಿಎಸ್ಸಿನಿಂದ ಸಂಪರ್ಕ ಇರಬೇಕು. ಡಬ್ಬಿಗೆ ಮಾತ್ರ ಕೊಟ್ಟು ಕ್ಯಾಮರಾದ ಅಡಾಪ್ಟರು ಮರೆತರೆ ಅದು ಕತ್ತಲೆಯನ್ನೇ ಶ್ರದ್ಧೆಯಿಂದ ಬರೆದಿಡುತ್ತದೆ.

ಗಡಿಯಾರದ ಗಡಿಬಿಡಿ

ಚಿತ್ರ ಇದೆ, ಕಳ್ಳನೂ ಇದ್ದಾನೆ, ಮುಖವೂ ಚೆನ್ನಾಗಿದೆ. ಆದರೆ ಮೂಲೆಯಲ್ಲಿ ಬರೆದಿರುವ ತಾರೀಖು 2000ನೇ ಇಸವಿ ಜನವರಿ! ಡಬ್ಬಿಯೊಳಗೆ ಎಂಟಾಣೆ ಅಗಲದ ಒಂದು ಬಟನ್ ಸೆಲ್ಲು ಇರುತ್ತದೆ. ಅದು ಸತ್ತರೆ ಪ್ರತಿ ಸಲ ಕರೆಂಟು ಹೋಗಿ ಬಂದಾಗಲೂ ಡಬ್ಬಿಯ ಗಡಿಯಾರ ಮೊದಲಿನಿಂದ ಶುರುವಾಗುತ್ತದೆ. ಅಗ್ಗದ ಒಂದು ಸೆಲ್ಲಿನ ಆಸೆಗೆ ಇಡೀ ಸಾಕ್ಷಿ ಅನುಮಾನಕ್ಕೆ ಬೀಳುತ್ತದೆ. ಇಂಟರ್‌ನೆಟ್ಟಿನಿಂದ ತಾನೇ ಸಮಯ ಸರಿಮಾಡಿಕೊಳ್ಳುವ ವ್ಯವಸ್ಥೆ ಡಬ್ಬಿಯಲ್ಲೇ ಇದೆ, ಅದನ್ನು ಚಾಲೂ ಮಾಡಿ ಭಾರತದ ಐದೂವರೆ ಗಂಟೆಯ ಕಾಲವಲಯ ಆರಿಸಿಕೊಡಬೇಕು.

ಕಳುವಾದ ಮೇಲೆ ಗಡಿಯಾರ ತಪ್ಪಿರುವುದು ಕಂಡರೆ ಕೂಡಲೇ ತಿದ್ದಬಾರದು. ಡಬ್ಬಿಯ ಸಮಯ ಎಷ್ಟು, ನಿಜವಾದ ಸಮಯ ಎಷ್ಟು ಎಂದು ಪೋಲೀಸರ ಎದುರಿಗೇ ಬರೆಸಿಡಬೇಕು. ಹನ್ನೆರಡು ನಿಮಿಷ ಮುಂದಿದೆ ಎಂದು ಬರೆದಿದ್ದರೆ ಅದು ಲೆಕ್ಕ. ಬರೆಯದೆ ತಿದ್ದಿದರೆ ಅನುಮಾನ.

ಬೀಗದ ಕೈ ಯಾರ ಹತ್ತಿರ?

ಮನೆಗೆ ಬೀಗ ಮಾಡಿಸಿ ಕೈಯನ್ನು ಬೀಗದವನ ಹತ್ತಿರವೇ ಬಿಟ್ಟು ಬರುವವರುಂಟೇ? ಕ್ಯಾಮರಾದ ವಿಷಯದಲ್ಲಿ ಉಂಟು. ಪಾಸ್‌ವರ್ಡು ಏನೆಂದು ಕೇಳಿದರೆ "ಅದು ಹಾಕಿದ ಹುಡುಗನಿಗೆ ಗೊತ್ತು" ಎನ್ನುತ್ತಾರೆ. ಹುಡುಗ ಊರು ಬಿಟ್ಟು ಬೆಂಗಳೂರು ಸೇರಿ ಎರಡು ವರ್ಷವಾಗಿದೆ. ಅವನ ಫೋನಿನಲ್ಲಿ ಈ ಮನೆಯ ಹಜಾರ ಇವತ್ತಿಗೂ ಕಾಣುತ್ತಿದ್ದರೆ ಆಶ್ಚರ್ಯವಿಲ್ಲ.

ಇನ್ನು ಕೆಲವರದು "ಅಡ್ಮಿನ್", "12345". ಇದರಿಂದ ಏನಾಗುತ್ತದೆ ಎನ್ನುವವರು 2016ರ ಸಂಗತಿ ತಿಳಿದಿರಬೇಕು. ಆ ವರ್ಷ ಮಿರಾಯ್ ಎಂಬ ಕುತಂತ್ರದ ಪ್ರೋಗ್ರಾಮು, ಕಾರ್ಖಾನೆಯಿಂದ ಬರುವ ಇಂಥ ಅರವತ್ತು ಚಿಲ್ಲರೆ ಹೆಸರು, ಪಾಸ್‌ವರ್ಡುಗಳ ಪಟ್ಟಿ ಇಟ್ಟುಕೊಂಡು ಜಗತ್ತಿನ ಲಕ್ಷಗಟ್ಟಲೆ ಕ್ಯಾಮರಾ, ಡಬ್ಬಿ, ರೌಟರುಗಳೊಳಗೆ ಹೊಕ್ಕಿತು. ಅಂಥ ಸಾಧನಗಳ ಪಡೆಯನ್ನೇ ಅಕ್ಟೋಬರ್ 21ರಂದು ಛೂಬಿಟ್ಟು ಅಮೆರಿಕದ ದೊಡ್ಡ ದೊಡ್ಡ ಜಾಲತಾಣಗಳು ಗಂಟೆಗಟ್ಟಲೆ ಸಿಗದ ಹಾಗೆ ಮಾಡಲಾಯಿತು. ಪಟ್ಟಿಯಲ್ಲಿದ್ದ ಪಾಸ್‌ವರ್ಡುಗಳು ನಮ್ಮ ಪೇಟೆಯ ಡಬ್ಬಿಗಳಲ್ಲಿ ಇರುವಂಥವೇ.

ಕೆಲಸ ಮುಗಿದ ದಿನವೇ, ಹಣ ಎಣಿಸುವ ಮುಂಚೆ, ಪಾಸ್‌ವರ್ಡನ್ನು ಮಾಲೀಕರೇ ಬದಲಾಯಿಸಿ ಲೆಕ್ಕದ ಪುಸ್ತಕದಲ್ಲೋ ಬೀರುವಿನಲ್ಲೋ ಬರೆದಿಡಬೇಕು. ಫೋನಿನ ಖಾತೆ ಮಾಲೀಕರ ನಂಬರಿನಲ್ಲಿರಬೇಕು. ಕೊಳ್ಳುವಾಗ ಪೆಟ್ಟಿಗೆಯ ಮೇಲೆ ಬಿಐಎಸ್ ನೋಂದಣಿ ಸಂಖ್ಯೆ ನೋಡಬೇಕು. ಕ್ಯಾಮರಾಗಳಿಗೆ ಸುರಕ್ಷತಾ ಪರೀಕ್ಷೆ ಕಡ್ಡಾಯ ಮಾಡುವ ಕೇಂದ್ರ ಸರಕಾರದ ನಿಯಮ 2025ರ ಏಪ್ರಿಲ್ 9ರಿಂದ ಜಾರಿಗೆ ಬಂದಿದೆ. ಅದಕ್ಕೆ ಮುಂಚಿನ ಹಳೇ ಸರಕನ್ನು ಅಗ್ಗವೆಂದು ದಾಟಿಸುವವರ ಮಾತಿಗೆ ಮರುಳಾಗಬೇಕಿಲ್ಲ.

ಬೆಂಗಳೂರಿನ ಮಗ, ವಿನೋಬನಗರದ ತಾಯಿ

ಎಲ್ಲಾ ಕ್ಯಾಮರಾ ಕಳ್ಳನಿಗಾಗಿಯೇ ಅಲ್ಲ. ವಿನೋಬನಗರ, ಗೋಪಾಳದ ಎಷ್ಟೋ ಮನೆಗಳಲ್ಲಿ ವಯಸ್ಸಾದವರಷ್ಟೇ ಉಳಿದಿದ್ದಾರೆ. ಮಕ್ಕಳು ಬೆಂಗಳೂರಿನಲ್ಲೋ ಸಮುದ್ರದಾಚೆಯೋ ಇದ್ದಾರೆ. ಅವರು ಹಬ್ಬಕ್ಕೆ ಬಂದಾಗ ಕ್ಯಾಮರಾ ಹಾಕಿಸಿ ಹೋಗುತ್ತಾರೆ. ಆಮೇಲೆ ಆಫೀಸಿನಿಂದ ಫೋನು.

"ಅಮ್ಮಾ, ಕ್ಯಾಮರಾ ಆಫ್‌ಲೈನ್ ಅಂತ ತೋರಿಸ್ತಿದೆ. ಏನಾಯ್ತು?"

"ಏನೂ ಆಗಿಲ್ಲ ಕಣೋ. ಕರೆಂಟು ಹೋಗಿತ್ತು, ಬಂತು. ನಾನು ಚೆನ್ನಾಗೇ ಇದೀನಿ. ನೀನು ಊಟ ಮಾಡಿದ್ಯಾ?"

ಆಫ್‌ಲೈನ್ ಎಂದರೆ ಕ್ಯಾಮರಾ ಕೆಟ್ಟಿದೆ ಎಂದಲ್ಲ. ಮನೆಯಿಂದ ಫೋನಿನವರೆಗಿನ ದಾರಿಯಲ್ಲಿ ಎಲ್ಲೋ ತಡೆಯಾಗಿದೆ, ಅಷ್ಟೇ. ಡಿವಿಆರ್ ಇದ್ದರೆ ಅದು ಒಳಗೆ ಬರೆಯುತ್ತಲೇ ಇರುತ್ತದೆ. ಮೊದಲು ರೌಟರಿನ ದೀಪ ನೋಡಬೇಕು, ಇಂಟರ್‌ನೆಟ್ಟಿನ ತಿಂಗಳ ಹಣ ಕಟ್ಟಿದೆಯೇ ನೋಡಬೇಕು. ರೌಟರು ಆರಿಸಿ ಒಂದು ನಿಮಿಷ ಬಿಟ್ಟು ಹಾಕಬೇಕು. ಹೊಸ ರೌಟರು ಬಂದಿದ್ದರೆ, ವೈಫೈ ಪಾಸ್‌ವರ್ಡು ಬದಲಾಗಿದ್ದರೆ, ಕ್ಯಾಮರಾಕ್ಕೂ ಅದನ್ನು ಹೇಳಿಕೊಡಬೇಕು. ವೈಫೈ ಕ್ಯಾಮರಾಗಳಲ್ಲಿ ಬಹಳಷ್ಟು 2.4 ಗಿಗಾಹರ್ಟ್ಸ್‌ನ ಅಲೆಯನ್ನು ಮಾತ್ರ ಹಿಡಿಯುತ್ತವೆ. ರೌಟರಿನ 5ರ ಹೆಸರಿಗೆ ಜೋಡಿಸಲು ಹೋಗಿ ಸಂಜೆತನಕ ಒದ್ದಾಡುವವರ ತೊಡಕು ಇದೇ.

ಆದರೆ ಇಲ್ಲಿ ತಂತಿಗಿಂತ ಸೂಕ್ಷ್ಮವಾದ ಇನ್ನೊಂದು ಮಾತಿದೆ. ಗೇಟಿಗೆ, ವರಾಂಡಕ್ಕೆ ಕ್ಯಾಮರಾ ಹಾಕಿದರೆ ತಾಯಿಗೆ ಧೈರ್ಯ. ಅಡುಗೆಮನೆಗೆ, ಮಲಗುವ ಕೋಣೆಗೆ ಹಾಕಿದರೆ ಅದು ಯಾರ ಕಾವಲು? ಮಧ್ಯಾಹ್ನ ಸೀರೆ ಸಡಿಲಿಸಿ ಒರಗಲೂ ಸಂಕೋಚಪಡುವ ಹಾಗಾದರೆ ಆ ಮನೆ ಅವರದಾಗಿ ಉಳಿಯುವುದಿಲ್ಲ. ಒಳಗೆ ಬೇಕೇ ಬೇಕೆಂದರೆ ಅವರನ್ನು ಕೇಳಿ ಹಾಕಬೇಕು. ಆರಿಸುವ ಗುಂಡಿಯನ್ನೂ ಅವರಿಗೇ ತೋರಿಸಿಕೊಡಬೇಕು.

ಕಾನೂನು ಹೇಳುವುದೇನು?

ಪಕ್ಕದ ಮನೆಯ ವಿಷಯದಲ್ಲಂತೂ ಎಚ್ಚರ ಅಗತ್ಯ. ಕ್ಯಾಮರಾದ ನೋಟ ತನ್ನ ಗೇಟು, ತನ್ನ ಅಂಗಳಕ್ಕೆ ನಿಲ್ಲಬೇಕು. ಪಕ್ಕದವರ ಬಚ್ಚಲಿನ ಕಿಟಕಿ, ಬಟ್ಟೆ ಒಣಹಾಕುವ ಜಾಗ ಬರುವಂತಿದ್ದರೆ ಆ ಭಾಗವನ್ನು ಚಿತ್ರದಲ್ಲಿ ಕಪ್ಪುಪಟ್ಟಿಯಿಂದ ಮುಚ್ಚುವ ಸೌಲಭ್ಯ ಡಬ್ಬಿಯಲ್ಲೇ ಇರುತ್ತದೆ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟು 2017ರ ಆಗಸ್ಟ್ 24ರಂದು ತೀರ್ಪಿತ್ತಿದೆ. ಆ ಮೊಕದ್ದಮೆ ಹೂಡಿದ್ದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಹೆಂಗಸರ ಖಾಸಗಿ ಹೊತ್ತನ್ನು ಕದ್ದು ನೋಡುವುದು, ಚಿತ್ರ ತೆಗೆಯುವುದು ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಮಿನ ಕೆಳಗೆ ಅಪರಾಧ.

ಅಂಗಡಿಯವರಿಗೆ ಇನ್ನೊಂದು ಕಾನೂನಿದೆ. ಒಂದೇ ಹೊತ್ತಿಗೆ ನೂರು ಜನ ಅಥವಾ ದಿನಕ್ಕೆ ಐನೂರು ಜನ ಸೇರುವಂಥ ಮಳಿಗೆ, ಛತ್ರ, ಆಸ್ಪತ್ರೆ, ಶಾಲೆಗಳು ಕ್ಯಾಮರಾ ಹಾಕಿ ಮೂವತ್ತು ದಿನದ ಚಿತ್ರ ಕಾಪಾಡಬೇಕೆಂದು ಕರ್ನಾಟಕದ 2017ರ ಸಾರ್ವಜನಿಕ ಸುರಕ್ಷತಾ ಅಧಿನಿಯಮ ಹೇಳುತ್ತದೆ. ಮೊದಲು ಹಾಕಿದ ಡಿಸ್ಕಿನ ತ್ರೈರಾಶಿ ಇಲ್ಲಿ ಕೆಲಸಕ್ಕೆ ಬರುತ್ತದೆ.

ಇನ್ನು ಸಾಕ್ಷಿ. ಪರದೆಯನ್ನು ಫೋನಿನಿಂದ ಚಿತ್ರೀಕರಿಸಿ ವಾಟ್ಸಾಪಿನಲ್ಲಿ ಊರಿಗೆಲ್ಲ ಕಳಿಸಿದರೆ ಸುದ್ದಿಯಾಗುತ್ತದೆ, ಸಾಕ್ಷಿಯಾಗುವುದು ಕಷ್ಟ. 2024ರ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಕಾರ ಇಂಥ ನಕಲಿನ ಜೊತೆ ಪ್ರಮಾಣಪತ್ರ ಬೇಕು. ಅದರಲ್ಲಿ ಎರಡು ಭಾಗ. ಒಂದಕ್ಕೆ ಸಾಧನದ ಉಸ್ತುವಾರಿ ಇರುವವರ ಸಹಿ, ಇನ್ನೊಂದಕ್ಕೆ ತಜ್ಞರ ಸಹಿ. ಆದ್ದರಿಂದ ಮಾಲೀಕರು ಮಾಡಬೇಕಾದ್ದು ಎರಡೇ: ಡಬ್ಬಿ ಹಳೆಯದನ್ನು ಅಳಿಸುವ ಮುಂಚೆ ಬೇಕಾದ ಗಂಟೆಗಳ ಮೂಲಚಿತ್ರವನ್ನು ಪೆನ್‌ಡ್ರೈವಿಗೆ ತೆಗೆಯುವುದು, ಡಿಸ್ಕಿಗೆ ಕೈಹಚ್ಚದೆ ಠಾಣೆಗೆ ತಿಳಿಸುವುದು.

ಶುಕ್ರವಾರದ ಐದು ನಿಮಿಷ

ಇಷ್ಟೆಲ್ಲ ನೆನಪಿಟ್ಟುಕೊಳ್ಳುವುದು ಹೇಗೆ ಎನ್ನುವವರಿಗೆ ಸುಲಭದ ದಾರಿಯೊಂದಿದೆ. ಶುಕ್ರವಾರ ಹೇಗೂ ಅಂಗಡಿ ಗುಡಿಸಿ, ಗಲ್ಲಾಕ್ಕೆ ಕುಂಕುಮ ಇಟ್ಟು, ಊದುಬತ್ತಿ ಹಚ್ಚುತ್ತಾರೆ. ಊದುಬತ್ತಿ ಉರಿದು ಮುಗಿಯುವುದರೊಳಗೆ ಡಬ್ಬಿಯ ಮುಂದೆ ಕೂರಬೇಕು. ಈಗಿನ ಚಿತ್ರ ನೋಡಿದರೆ ಸಾಲದು. ಹಿಂದಿನ ಮಂಗಳವಾರ ರಾತ್ರಿ ಎರಡು ಗಂಟೆಯ ಚಿತ್ರ ತೆಗೆದು ನೋಡಬೇಕು. ಅದು ಸಿಕ್ಕಿತೇ? ಡಿಸ್ಕು ಬದುಕಿದೆ. ಕತ್ತಲಲ್ಲಿ ಬಾಗಿಲು ಕಾಣುತ್ತಿದೆಯೇ? ದೀಪ, ಕರೆಂಟು ಸರಿ ಇದೆ, ಜೇಡ ಬಂದಿಲ್ಲ. ಮೂಲೆಯ ಗಡಿಯಾರ ಗೋಡೆಯ ಗಡಿಯಾರಕ್ಕೆ ಹೊಂದುತ್ತದೆಯೇ? ಸೆಲ್ಲು ಸರಿ ಇದೆ. ತಿಂಗಳಿಗೊಮ್ಮೆ ಅತ್ಯಂತ ಹಳೆಯ ತಾರೀಖು ಯಾವುದಿದೆ ಎಂದೂ ನೋಡಿದರೆ ಎಷ್ಟು ದಿನದ ಲೆಕ್ಕ ಕೈಯಲ್ಲಿದೆ ಎಂಬುದು ತಿಳಿಯುತ್ತದೆ.

ಇದನ್ನು ಮಾಲೀಕರೇ ಮಾಡಬೇಕು, ಹುಡುಗನ ಕೈಯಲ್ಲಿ ಮಾಡಿಸಬಾರದು. ಗಲ್ಲಾದ ಬೀಗದ ಕೈ ಸೊಂಟದಲ್ಲಿ ಸಿಕ್ಕಿಸಿಕೊಳ್ಳುವವರಿಗೆ ಇಷ್ಟು ಕಲಿಯುವುದು ದೊಡ್ಡ ಮಾತಲ್ಲ.

ಅಮಾವಾಸ್ಯೆಗೆ ಕುಂಬಳಕಾಯಿ ಕಟ್ಟಲು ಏಣಿ ಹೇಗೂ ಹೊರಗೆ ಬರುತ್ತದೆ. ಇಳಿಯುವ ಮುಂಚೆ ಪಕ್ಕದಲ್ಲಿರುವ ಆ ಕಣ್ಣನ್ನೂ ಒಮ್ಮೆ ಒರೆಸಿದರಾಯಿತು.